ಬೆಳಗಿನ ಉಡುಗೊರೆಯ ಸಾಕ್ಷಿ

"ಕೊಟ್ಟಾಗ ಕೇಳಿಸಿಕೊಂಡವರು ಯಾರಾದ್ರೂ ಬದುಕಿದ್ದಾರೇನಮ್ಮ?" ಅರಸನ ಅಧಿಕಾರಿ ಬ್ರಿತ್‌ರಿಕ್ ಮೂರನೆಯ ಸಲ ಕೇಳಿದ.

ಅರಸನ ಹೆಂಡತಿ ವುಲ್ಫ್‌ವಿನ್ ನ್ಯಾಯಸಭೆಯ ನಡುವೆ ನಿಂತಿದ್ದಳು. ಒಂಬತ್ತು ವರ್ಷಗಳ ಹಿಂದೆ, ಮದುವೆಯ ಮರುದಿನ ಬೆಳಿಗ್ಗೆ, ಅರಸ ಅವಳಿಗೆ ಮಿಯರ್‌ಡನ್ನಿನ ಹೊಲಮನೆ ಮತ್ತು ಹೊಳೆದಂಡೆಯ ಹುಲ್ಲುಗಾವಲನ್ನು ಬಾಯಿಮಾತಿನಲ್ಲಿ ಕೊಟ್ಟಿದ್ದ. ಹೆಂಡತಿಗೆ ಆ ಬೆಳಿಗ್ಗೆ ಕೊಟ್ಟ ಉಡುಗೊರೆ ಕೊನೆಯವರೆಗೂ ಅವಳದೇ ಎಂಬುದು ಆ ನಾಡಿನ ಕಟ್ಟಳೆ. ಕೇಳಿಸಿಕೊಂಡಿದ್ದ ಅವಳ ಅಪ್ಪ ತೀರಿಹೋಗಿದ್ದ, ಪಾದ್ರಿಯೂ ಹೋಗಿದ್ದ. ಈಗ ಅರಸ ಅವಳನ್ನು ಬಿಟ್ಟಿದ್ದಾನೆ; ಹೊಸ ಹೆಂಡತಿಯಾಗಿ ಕಡಲಾಚೆಯ ರಾಜಕುಮಾರಿ ಬರುತ್ತಿದ್ದಾಳೆ. ಈ ನೆಲ ಉಳಿಯದಿದ್ದರೆ ವುಲ್ಫ್‌ವಿನ್ ತನ್ನ ಏಳು ವರ್ಷದ ಮಗಳೊಂದಿಗೆ ಸನ್ಯಾಸಿನಿಯರ ಮಠ ಸೇರಬೇಕು.

"ನಾನು ಕೇಳಿಸಿಕೊಂಡಿದ್ದೀನಿ."

ಸಭೆಯ ಹಿಂದಿನಿಂದ ಕೋಲೂರಿಕೊಂಡು ಬಂದವಳು ಅರಸನ ತಾಯಿ ಎಥೆಲ್ವಾರು. ಒಂಬತ್ತು ವರ್ಷಗಳಲ್ಲಿ ಅತ್ತೆ ವುಲ್ಫ್‌ವಿನ್‌ಳ ನೇಯ್ಗೆಯನ್ನಾಗಲಿ, ನಡಿಗೆಯನ್ನಾಗಲಿ ಒಮ್ಮೆಯೂ ಮೆಚ್ಚಿದ್ದಿಲ್ಲ.

"ದೊಡ್ಡಮ್ಮನೋರೇ, ಹಳೇ ಮಾತು. ಸರಿಯಾಗಿ ನೆನಪಿದೆಯಾ?" ಎಂದ ಬ್ರಿತ್‌ರಿಕ್.

"ನೆನಪಾ? ಆ ಹುಲ್ಲುಗಾವಲನ್ನ ನನ್ನ ಮುಪ್ಪಿಗೆ ಕೊಡಪ್ಪ ಅಂತ ಮಗನನ್ನ ಎರಡು ವರ್ಷ ಕೇಳಿದ್ದೆ. ನೋಡೋಣಮ್ಮ, ನೋಡೋಣಮ್ಮ ಅಂತಿದ್ದ. ಅವತ್ತು ಹಾಸಿಗೆಯಿಂದ ಎದ್ದವನು ತಲೆ ಕೂಡ ಬಾಚದೆ, ನಿನ್ನೆ ಬಂದವಳಿಗೆ ಕೊಟ್ಟುಬಿಟ್ಟ! ನಾನು ಪರದೆ ಹಿಂದೇನೇ ನಿಂತಿದ್ದೆ. ಹೊಟ್ಟೆ ಉರಿದದ್ದನ್ನ ಯಾರಾದ್ರೂ ಮರೀತಾರೇನಯ್ಯ?"

ಸಭೆಯಲ್ಲಿ ನಗು ಎದ್ದಿತು. ಬ್ರಿತ್‌ರಿಕ್ ದನಿ ತಗ್ಗಿಸಿದ. "ಮಗನಿಗೆ ಕೋಪ ಬರುತ್ತೆ, ತಾಯಿ. ಮತ್ತೆ ಅರಮನೆಗೆ ಸೇರಿಸ್ತಾರೋ ಇಲ್ವೋ."

"ಅವನ ಕೋಪ ಹೆತ್ತವಳಿಗೆ ಗೊತ್ತಿಲ್ವಾ? ಪೆಟ್ಟಿಗೆ ತಾ ಇಲ್ಲಿ."

ಸಂತನ ಮೂಳೆಗಳಿದ್ದ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಹೊಲಮನೆ ಹುಲ್ಲುಗಾವಲು ಎರಡನ್ನೂ ಕೊಟ್ಟದ್ದು ನಿಜವೆಂದು ಆಣೆಮಾಡಿ, ಅವಳು ಹುಲ್ಲುಗಾವಲಿನ ಎಲ್ಲೆಗಳನ್ನು ಒಂದೊಂದಾಗಿ ಹೇಳಿದಳು: ಹೊಳೆಯ ತಿರುವು, ಬಿಳಿ ಕಲ್ಲು, ಮುರಿದ ಓಕ್ ಮರ. ಎಷ್ಟು ಸಲ ಮನಸ್ಸಿನಲ್ಲೇ ಅಲ್ಲಿ ನಡೆದಾಡಿದ್ದಳೋ, ಒಂದು ಗುರುತೂ ತಪ್ಪಲಿಲ್ಲ. ಅರಸನ ತಾಯಿಯ ಆಣೆಗೆ ಎದುರಾಡುವವರಿರಲಿಲ್ಲ. ನೆಲ ವುಲ್ಫ್‌ವಿನ್‌ಳದೆಂದು ತೀರ್ಮಾನವಾಯಿತು.

ಹೊರಗೆ ಮಗಳು ಕೂತಿದ್ದ ಎತ್ತಿನ ಗಾಡಿಯ ಬಳಿ ಅವಳು ಅತ್ತೆಯ ಸೆರಗು ಹಿಡಿದಳು. "ಅತ್ತೆ, ನಾನು ಹೇಗೆ…"

"ಅಳಬೇಡ, ಮೊದಲೇ ನಿನ್ನ ಮೂಗು ಕೆಂಪು. ಆ ಮಗೂನ ಮಠದ ಚಳಿಗೆ ಹಾಕೋಕೆ ನನಗೆ ಮನಸ್ಸಾಗಲಿಲ್ಲ, ಅಷ್ಟೆ."

"ನಮ್ಮ ಜೊತೆ ಬನ್ನಿ. ಹೊಳೆ ಕಡೆಯ ಕೋಣೆ ನಿಮಗೆ."

ಮುದುಕಿ ತುಸು ಹೊತ್ತು ಅರಮನೆಯ ದಾರಿಯನ್ನೇ ನೋಡಿದಳು. "ನಿನ್ನ ಅಂಬಲಿ ಕುಡಿಯಬೇಕಲ್ಲ, ದೇವರೇ," ಎಂದು ಗಾಡಿಯತ್ತ ತಿರುಗಿದಳು. ಕಾಲು ಮೇಲಕ್ಕೆ ಎಟುಕಲಿಲ್ಲ. ವುಲ್ಫ್‌ವಿನ್ ಕೆಸರಿನಲ್ಲೇ ಮೊಣಕಾಲೂರಿ, ಎರಡೂ ಕೈ ಜೋಡಿಸಿ ಮೆಟ್ಟಿಲಾದಳು. ಅತ್ತೆ ಅದರ ಮೇಲೆ ಕಾಲಿಟ್ಟು ಹತ್ತಿದಳು.

ಗಾಡಿ ಮಿಯರ್‌ಡನ್ನಿನ ಕಡೆ ಹೊರಟ ಮೇಲೂ ವುಲ್ಫ್‌ವಿನ್ ಅಂಗೈಯಲ್ಲಿ ಅತ್ತೆಯ ಹೆಜ್ಜೆ ಬಿಟ್ಟ ಕೆಸರನ್ನು ಒರೆಸಲಿಲ್ಲ. ತೊಡೆಯ ಮೇಲೆ ಕೈಗಳನ್ನು ತೆರೆದಿಟ್ಟುಕೊಂಡು ಕೂತಿದ್ದಳು.