ಸೋದರಮಾವನ ಹೆಸರು

ಹೋದ ವಾರ ನನ್ನ ತಂಗಿ ಗುರುಬಾಯಿಗೆ ಬಿಜಾಪುರದಲ್ಲಿ ಶಾಲು ಹೊದಿಸಿದರು. ನಮ್ಮ ಕಡೆ ಬ್ಯಾಂಕಿನ ಮ್ಯಾನೇಜರಾದ ಮೊದಲ ಹೆಂಗಸು, ಹಳ್ಳಿಯ ಹೆಣ್ಣುಮಕ್ಕಳ ತಾಯಿ ಎಂದೆಲ್ಲ ಒಬ್ಬಾತ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಹೊಗಳಿದ. ನಾನು ಹೆಂಗಸರ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಗುರುಬಾಯಿ ಎದ್ದು ನಿಂತವಳು ಒಂದು ಮಾತೂ ಆಡಲಾರದೆ ಕೈಮುಗಿದು ಕೆಳಗಿಳಿದಳು. ಜನ ಅದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ವಿನಯವಂತೆ, ವಿನಯ! ಅವಳು ಮನೆಯಲ್ಲಿಟ್ಟು ಓದಿಸುತ್ತಿದ್ದ ಪರಸವ್ವನ ಮದುವೆಯಾಗಿ ಆಗಿನ್ನೂ ತಿಂಗಳು ತುಂಬಿರಲಿಲ್ಲ.

ನಾವು ಬಬಲೇಶ್ವರದ ರಾಯಪ್ಪನ ಮಕ್ಕಳು. ನಾನು ಸಾವಂತ್ರವ್ವ, ದೊಡ್ಡವಳು. ನನಗಿನ್ನೂ ಸೀರೆ ಉಡಲು ಬರುತ್ತಿರಲಿಲ್ಲ, ಆಗಲೇ ಅವ್ವನ ತಮ್ಮನಿಗೆ ಕೊಟ್ಟು ಮದುವೆ ಮಾಡಿದರು. ಸೋದರಮಾವನ ಹಕ್ಕು, ಅದರಲ್ಲಿ ಹುಡುಗಿಯನ್ನು ಏನು ಕೇಳುವುದು? ನನ್ನ ಶಾಲೆಯ ಪಾಟಿಯನ್ನು ತಂಗಿಯ ಕೈಗಿಟ್ಟು ಹೋದೆ. ಅವಳು ಓದಿ ಮ್ಯಾನೇಜರಾದಳು. ನಾನು ಗಂಡ ಸತ್ತ ಮೇಲೆ ಅವಳ ಮನೆಗೆ ಬಂದು ರೊಟ್ಟಿ ಬಡಿಯುವವಳಾದೆ. ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಗುರುಬಾಯಿ ಮದುವೆಯಾಗಲಿಲ್ಲ. ಬಿಜಾಪುರದ ಗಾಂಧಿ ಚೌಕದ ಹಿಂದಿನ ನಮ್ಮ ಬಾಡಿಗೆ ಮನೆ ತುಂಬ ಹಳ್ಳಿಯ ಹುಡುಗಿಯರು. ಅವರ ಊಟ, ಬಟ್ಟೆ, ಹೈಸ್ಕೂಲಿನ ಫೀ ಎಲ್ಲ ಅವಳ ಪಗಾರದಲ್ಲೇ. 'ಊರಿಗೆ ಉಪಕಾರಿ, ಮನಿಗೆ ಮಾರಿ' ಎಂದು ನಾನು ಅಂದರೆ ನಗುತ್ತಿದ್ದಳು. ಬೆಳಿಗ್ಗೆ ಬಸ್ಸು ಹಿಡಿದು ತಿಕೋಟಾದ ಶಾಖೆಗೆ ಹೋಗುವಳು. ಮೊದಮೊದಲು ಗಂಡಸರು ಅವಳ ಕೋಣೆಯಲ್ಲಿ ಇಣುಕಿ, "ಸಾಹೇಬರು ಎಲ್ಲಿ ಹೋಗ್ಯಾರ್ರಿ?" ಎಂದು ಅವಳನ್ನೇ ಕೇಳುತ್ತಿದ್ದರು. ಹೆಂಗಸರು ಮಾತ್ರ ಬೇಗ ಗುರುತು ಹಿಡಿದರು. ಸಂತೆಯ ದಿನ ಬಂದು, ಸೆರಗಿನ ಗಂಟು ಬಿಚ್ಚಿ, ಗಂಡನಿಗೆ ತಿಳಿಯದ ಹಾಗೆ ಖಾತೆಯಲ್ಲಿ ರೊಕ್ಕ ಇಟ್ಟುಹೋಗುತ್ತಿದ್ದರು.

ಹೊನವಾಡದ ಹೊಳೆವ್ವ ಅವರಲ್ಲಿ ಒಬ್ಬಳು. ಕುರಿ ಕಾಯುವ ಮನೆತನ. ಉಣ್ಣೆ ನೂತು ಮಾರುತ್ತಿದ್ದಳು. ಗಂಡ ಯಲಗೂರಪ್ಪನಿಗೆ ಟಗರಿನ ಕಾಳಗದ ಹುಚ್ಚು, ಕೈಗೆ ಸಿಕ್ಕಿದ್ದೆಲ್ಲ ಪಣಕ್ಕೆ. ಅವರ ಒಬ್ಬಳೇ ಮಗಳು ಪರಸವ್ವ ನಮ್ಮ ಮನೆಯಲ್ಲಿದ್ದು ಓದುತ್ತಿದ್ದಳು. ಮಗಳು ಕಲಿತು ಸಾಲಿಯ ಬಾಯಿ ಆಗಬೇಕು, ಮಕ್ಕಳಿಗೆ ಪಾಠ ಹೇಳಬೇಕು, ಅದೊಂದೇ ಹೊಳೆವ್ವನ ಆಸೆ. ಒಂದು ಸಂತೆಯ ದಿನ ಅವಳು ಗುರುಬಾಯಿಯನ್ನು ಕೇಳಿದಳಂತೆ.

"ನಂಗೇನರ ಆದ್ರ ಈ ರೊಕ್ಕ ಯಾರ ಪಾಲ್ರಿ, ಬಾಯಾರ?"

"ನಿನ್ನ ಗಂಡ ಬಂದು ಕೇಳ್ತಾನ. ಕೊಡಬೇಕಾಗತೈತಿ."

"ಅಂವ ಟಗರಿನ ಮ್ಯಾಲ ಕಟ್ತಾನ್ರಿ. ನನ್ನ ಮಗಳ ಸಾಲಿ ಮುಗೀತಂತ ತಿಳ್ಕೋರಿ."

"ತವರಮನ್ಯಾಗ ಯಾರದಾರಬೇ?"

"ನಿಡೋಣ್ಯಾಗ ತಮ್ಮ ಅದಾನ್ರಿ, ಅಮಸಿದ್ದ. ಇರುವಿ ಸೈತ ತುಳಿಯಂಗಿಲ್ರಿ ಅಂವ."

"ಹಂಗಾದ್ರ ಅವನ ಹೆಸರೂ ಖಾತೇದಾಗ ಕೂಡ್ಸೂಣು. ನೀ ಇಲ್ಲಂದ್ರ ರೊಕ್ಕ ಅವಗ ಬರತೈತಿ, ನಿನ್ನ ಗಂಡಗ ಒಂದು ಪೈಸಾ ಸಿಗಂಗಿಲ್ಲ. ಸೋದರಮಾವ ಅಕ್ಕನ ಮಗಳಿಗಿ ಮೋಸ ಮಾಡ್ತಾನೇನು?"

ಅಮಸಿದ್ದ ಬಂದು, ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ಹೆಬ್ಬೆಟ್ಟು ಒತ್ತಿ ಹೋದ. ಇದೆಲ್ಲ ತಿಕೋಟಾದ ಬ್ಯಾಂಕಿನಲ್ಲಿ ನಡೆದದ್ದು. ನನ್ನ ಅಡುಗೆಮನೆಗೆ ಇದರ ಸುದ್ದಿಯೇ ಬರಲಿಲ್ಲ.

ಎರಡು ವರ್ಷದ ಮೇಲೆ, ಅಂದರೆ ಈ ಎಪ್ಪತ್ತಾರರಲ್ಲಿ, ಕುರಿಯ ಹಟ್ಟಿಯಲ್ಲಿ ಮಲಗಿದ್ದ ಹೊಳೆವ್ವನಿಗೆ ಹಾವು ಕಡಿಯಿತು. ದವಾಖಾನೆ ಮುಟ್ಟುವ ಮೊದಲೇ ಹೋದಳು. ಯಲಗೂರಪ್ಪ ಬ್ಯಾಂಕಿಗೆ ಬಂದು ಕೂಗಾಡಿ ಬರಿಗೈಲಿ ತಿರುಗಿದ. ಗುರುಬಾಯಿ ಗೆದ್ದವಳ ಹಾಗೆ ಮನೆಗೆ ಬಂದಳು. ರೊಕ್ಕವನ್ನು ತಾನೇ ಅಮಸಿದ್ದನ ಕೈಗೆ ಕೊಟ್ಟಿದ್ದಳು. ಪರಸವ್ವ ಆಗ ಮ್ಯಾಟ್ರಿಕ್ ಪರೀಕ್ಷೆಗೆ ಓದುತ್ತಿದ್ದಳು. ಅವ್ವನ ದಿನ ಮಾಡಿ ಬರುತ್ತೇನೆಂದು ಊರಿಗೆ ಹೋದ ಹುಡುಗಿ ಮರಳಿ ಬರಲಿಲ್ಲ. ಬದಲಿಗೆ ಹೊನವಾಡದ ಬಸ್ಸಿನಲ್ಲಿ ಸುದ್ದಿ ಬಂತು, ನಿಡೋಣಿಯಲ್ಲಿ ಅಮಸಿದ್ದನ ಜೊತೆ ಅವಳ ಮದುವೆ ಎಂದು.

ಗುರುಬಾಯಿ ವಕೀಲರ ಹತ್ತಿರ ಓಡಿದಳು. ಹುಡುಗಿಗೆ ಹದಿನೈದು ತುಂಬಿದೆ, ಮದುವೆಗೆ ಅಷ್ಟೇ ಸಾಕು, ಕಾನೂನು ಏನೂ ಮಾಡಲಾರದು ಎಂದರು ಅವರು. ನಾವಿಬ್ಬರೂ ನಿಡೋಣಿಯ ಬಸ್ಸು ಹತ್ತಿದೆವು. ಖಾತೆಯ ಕಥೆಯನ್ನು ಅವಳು ನನಗೆ ಬಾಯಿಬಿಟ್ಟು ಹೇಳಿದ್ದು ಆ ಬಸ್ಸಿನಲ್ಲೇ. ನಾನು ಗಂಟಲೆತ್ತಿ ಬೈಯತೊಡಗಿದೆ. ಬಸ್ಸಿನ ಜನ ತಿರುಗಿ ನೋಡಿದರೂ ಬಿಡಲಿಲ್ಲ.

"ಇಷ್ಟು ವರ್ಷ ನಿನ್ನ ಕಣ್ಣೆದುರು ರೊಟ್ಟಿ ಬಡದೇನಲ್ಲಬೇ! ಸೋದರಮಾವ ಅಂದ್ರೇನು ಅಂತ ನನ್ನ ಕೇಳಬಾರದಿತ್ತೇನು? ನನ್ನ ಮಾರಿ ನೋಡಿಲ್ಲೇನು ನೀ ಒಂದಿನಾನರ?"

ಅವಳು, "ನೀ ಒಂದಿನಾನೂ ಅತ್ತಿಲ್ಲಲ್ಲ ಅಕ್ಕಾ. ಚಂದ ಬಾಳೇ ಮಾಡಿದಿ ಅಂತ ತಿಳ್ಕೊಂಡಿದ್ದೆ" ಎಂದಳು.

ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ.

ಅಮಸಿದ್ದ ನಮ್ಮನ್ನು ಕಂಡು ಓಡಿಬಂದ. ಕಾಲಿಗೆ ನೀರು ಕೊಟ್ಟ, ಕಂಬಳಿ ಹಾಸಿದ. ಅವನನ್ನು ಬೈಯಬೇಕೆಂದೇ ಹೋಗಿದ್ದೆ, ಆದರೆ ಅವನ ಮುಖದಲ್ಲಿ ಕಳ್ಳತನ ಕಾಣಲಿಲ್ಲ.

"ಆ ರೊಕ್ಕ ಹೊಳೆವ್ವ ಮಗಳ ಸಾಲೀಗಿ ಇಟ್ಟಿದ್ಲು, ಅಮಸಿದ್ದ" ಎಂದಳು ಗುರುಬಾಯಿ.

"ಸಾಲೀಗಿ ಅಂದಿದ್ರ ನನ್ನ ಹೆಸರ ಯಾಕ ಬರಸ್ತಿದ್ಲ್ರಿ ಬಾಯಾರ? ಮಗಳ ರೊಕ್ಕದಾಗ ಸೋದರಮಾವನ ಹೆಸರ ಕೂಡಸಿದ್ಲಂದ್ರ, ಮಗಳನ್ನ ನಿನಗ ಕೊಟ್ಟೆ ಅಂದಂಗ ಅಲ್ಲೇನ್ರಿ? ಅಕ್ಕ ಬಾಯಿಬಿಟ್ಟ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತಿಂದ ನಾ ಬ್ಯಾರೆ ಹೆಣ್ಣ ನೋಡಿಲ್ರಿ. ಸತ್ತಾಕಿ ಮಾತ ಹ್ಯಾಂಗ ಮುರೀಲ್ರಿ?"

ಸುತ್ತ ಕೂತ ಹಿರಿಯರು ಹೌದೆಂದು ತಲೆಯಾಡಿಸಿದರು. ಯಲಗೂರಪ್ಪನೂ ಅಲ್ಲಿದ್ದ. ಖರ್ಚಿಲ್ಲದೆ ಮಗಳ ಮದುವೆ, ಅವನಿಗೇನು! "ಹಂಗಲ್ಲಪಾ, ಅದು ಬ್ಯಾಂಕಿನ ಪದ್ಧತಿ..." ಎಂದು ಗುರುಬಾಯಿ ಶುರುಮಾಡಿದಳು.

ಪರಸವ್ವ ಒಳಕೋಣೆಯಲ್ಲಿ ಅಗಳಿ ಹಾಕಿಕೊಂಡಿದ್ದಳು. ಊಟ ಬಿಟ್ಟಿದ್ದಳು, ಯಾರಿಗೂ ಅರಿಷಿಣ ಹಚ್ಚಗೊಟ್ಟಿರಲಿಲ್ಲ. ಅವ್ವ ತನ್ನನ್ನು ಮಾವನಿಗೆ ಕೊಟ್ಟದ್ದೂ ಸುಳ್ಳು, ಬಾಯಾರೇ ಅವನ ಹೆಸರು ಬರೆಸಿದ್ದೂ ಸುಳ್ಳು, ಬಾಯಾರು ಬಂದು ಹೇಳಲಿ, ಅವರು ಸುಳ್ಳಾಡುವವರಲ್ಲ ಎಂದು ಒಂದೇ ಹಟ. ಗುರುಬಾಯಿಯ ದನಿ ಕೇಳಿದ್ದೇ ಬಾಗಿಲು ತೆರೆದಳು. ಕಣ್ಣು ಬಾತಿದ್ದವು, ಆದರೂ ಮುಖದಲ್ಲಿ ಜೀವ ಬಂತು.

"ಬಾಯಾರ, ಮಾಮಾನ ಹೆಸರು ಬರಸು ಅಂತ ಅವ್ವಗ ನೀವ ಹೇಳಿದ್ರಂತ. ಸುಳ್ಳಲ್ಲೇನ್ರಿ?"

ನಾನು ತಂಗಿಯ ಬೆನ್ನು ಚಿವುಟಿದೆ. "ಸುಳ್ಳು ಅನ್ನಬೇ ಗುರೂ" ಎಂದು ಕಿವಿಯಲ್ಲಿ ಹೇಳಿದೆ. ಒಂದು ಸುಳ್ಳು! ಒಂದು ಸುಳ್ಳಿಗೆ ಆಕಾಶ ಕಳಚಿ ಬೀಳುತ್ತಿತ್ತೇ?

"ಖರೇ ಐತಿ, ಪರಸವ್ವ" ಎಂದಳು ಗುರುಬಾಯಿ. "ನಾನ ಹೇಳೀನಿ. ಆದ್ರ..."

"ಅವ್ವ ಹೂಂ ಅಂದಿದ್ಲೇನ್ರಿ?"

"ಹೂಂ ಅಂದಿದ್ಲು."

ಹುಡುಗಿ ಅವಳ 'ಆದ್ರ'ವನ್ನು ಕೇಳಲೇ ಇಲ್ಲ. ಆಮೇಲೆ ಹೊಸ್ತಿಲು ದಾಟಿ ಅಂಗಳಕ್ಕೆ ಬಂದು ಮಣೆಯ ಮೇಲೆ ಕೂತು ಎರಡೂ ಕೈ ಮುಂದೆ ಮಾಡಿದಳು.

"ಹಚ್ಚರಿ" ಎಂದಳು.

ಮುತ್ತೈದೆಯರು ಅರಿಷಿಣದ ಬಟ್ಟಲು ಹಿಡಿದು ಬಂದರು. ನಾನು ಗಂಡ ಸತ್ತವಳು, ಗುರುಬಾಯಿ ಮದುವೆಯಿಲ್ಲದವಳು. ಆ ಹುಡುಗಿಯ ಮೈಮುಟ್ಟಲು ಅವತ್ತು ನಮ್ಮಿಬ್ಬರ ಕೈಯೂ ಸಲ್ಲುತ್ತಿರಲಿಲ್ಲ. ಗೋಡೆಗೆ ಆತು ನಿಂತು ನೋಡಿದೆವು.