ನಾನು ಮೆತ್ತಗೆ ಮಾಡಿದ ಮಾತು

ಫಿನಾಯಿಲ್ ವಾಸನೆ ಬಂದರೆ ನನಗೆ ಇವತ್ತಿಗೂ ಬೆಲ್ಲ ಹಾಕಿದ ಗಂಜಿಯ ನೆನಪು. ಏಳನೇ ವಯಸ್ಸಿನಲ್ಲಿ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಒರೆಸಿದ ನೆಲ ಆರುವ ಮೊದಲೇ ಒಬ್ಬರು ನರ್ಸಮ್ಮ ಪಕ್ಕದಲ್ಲಿ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಅವರ ಮುಖ ಮರೆತಿದೆ, ಕೈ ಮರೆತಿಲ್ಲ.

ಮಲಯಾಳ ಸೀಮೆಯ ಮುಳ್ಳನ್ಕೊಲ್ಲಿಯ ಆಚೆ, ಕನ್ನಡ ಮಾತಾಡುವ ಬುಡಕಟ್ಟಿನವರ ಕಾಡಂಚಿನ ಹಾಡಿಯ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಹೋಗಲು ಯಾಕೆ ಒಪ್ಪುವುದಿಲ್ಲ ಎಂದು ತಿಳಿಯಲು ಸಿನಿ ಎಂಬ ಸಂಶೋಧಕಿ ಬಂದಿದ್ದಳು. ಎಂಟು ಜನರನ್ನು ಅಂಗನವಾಡಿಯಲ್ಲಿ ಸುತ್ತ ಕೂರಿಸಿ ಒಟ್ಟಿಗೇ ಮಾತಾಡಿಸುವುದು ಅವಳ ಕ್ರಮ. ಒಬ್ಬಳ ಮಾತು ಇನ್ನೊಬ್ಬಳ ಬಾಯಿ ಬಿಡಿಸುತ್ತದಂತೆ. ಸಂಕೋಚವಿಲ್ಲದೆ ತಮ್ಮ ಭಾಷೆಯಲ್ಲೇ ಹೇಳಲಿ ಎಂದು, ಅವರ ಕನ್ನಡವನ್ನು ಮಲಯಾಳಕ್ಕೆ ತಿರುಗಿಸಲು ನಿವೃತ್ತ ಟೀಚರಾದ ನನ್ನನ್ನು ಕರೆದಿದ್ದಳು.

ಎಲ್ಲ ಚೆನ್ನಾಗಿ ನಡೆಯಿತು ಎಂದೇ ತಿಳಿದಿದ್ದೆ. ಸೀತ ಎಂಬವಳು ತನ್ನ ಏಳು ತಿಂಗಳ ಬಸುರಿ ಮಗಳು ನಿಷಳ ಬೆನ್ನಿಗೆ ಗೋಣಿಚೀಲ ಮಡಿಸಿ ಒರಗಿಸಿದ್ದಳು. ನನಗೆ ನೆನಪಿದ್ದದ್ದು ಅಂಥವೇ.

ನಾಲ್ಕನೇ ದಿನ ಸಿನಿ ಮೀನಂಗಡಿ ಎಂಬ ಊರಿನ ತನ್ನ ಕೋಣೆಗೆ ಬರಹೇಳಿದಳು. ಮಾತುಕತೆಯ ಧ್ವನಿಮುದ್ರಣವನ್ನು ಇನ್ನೊಬ್ಬರು ಕೇಳಿ ಅನುವಾದ ಸರಿಯಿದೆಯೇ ಎಂದು ತಾಳೆ ನೋಡುವುದು ಅವರ ರೂಢಿ. ಆ ಕೆಲಸ ಮಾಡುತ್ತಿದ್ದ ಪಕ್ಕದ ಹಾಡಿಯ ನರ್ಸಿಂಗ್ ವಿದ್ಯಾರ್ಥಿನಿ ಶ್ರೀಜ ನನಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಟ್ಟು ಗುಂಡಿ ಒತ್ತಿದಳು.

ಸೀತಳ ದನಿ. "ನನ್ನ ಹೆರಿಗೇಲಿ ನೋವಲ್ಲಿ ಕೂಗಿದ್ಕೆ ನರ್ಸು ತೊಡೆಗೆ ಹೊಡ್ದ್ರು. ಎರಡು ಸಲ. ಬಾಯಿ ಮುಚ್ಚು ಅಂದ್ರು. ನಮ್ಮ ಹೆಂಗ್ಸು ಒಬ್ಳು ಒಳಗಿದ್ದಿದ್ರೆ ಹೊಡೀತಿದ್ರಾ? ಒಬ್ಳನ್ನ ಜೊತೆಗೆ ಬಿಡ್ಲಿ, ನನ್ನ ಮಗ್ಳೂ ಹೋಗ್ತಾಳೆ."

ಹಿಂದೆಯೇ ನನ್ನ ದನಿ, ಮಲಯಾಳದಲ್ಲಿ, ಬಹಳ ಸಮಾಧಾನವಾಗಿ. ನರ್ಸುಗಳು ಸ್ವಲ್ಪ ಗದರಿದರಂತೆ, ಒಂಟಿಯಾಗಿ ಇವಳಿಗೆ ಭಯವಾಯಿತಂತೆ.

ಹಾಗೆ ಹೇಳಿದ ನೆನಪೇ ನನಗಿರಲಿಲ್ಲ.

"ಇನ್ನೊಂದು ಸಲ ಹಾಕು ಮಗಳೇ."

ಇನ್ನೊಂದು ಸಲವೂ ಅದೇ. ಏಳನೇ ವಯಸ್ಸಿನ ಆ ಗಂಜಿ ಇನ್ನೂ ನನ್ನ ನಾಲಿಗೆಯ ಮೇಲೆ ಕೂತಿತ್ತೇನೋ. ನರ್ಸು ಹೊಡೆದಳು ಎಂಬುದನ್ನು ಅದು ಹೊರಗೆ ಬಿಟ್ಟಿರಲಿಲ್ಲ.

"ಟೀಚರೇ," ಸಿನಿ ಮೆಲ್ಲಗೆ ಮಲಯಾಳದಲ್ಲಿ ಹೇಳಿದಳು, "ನಾನು ವರದಿಯಲ್ಲಿ 'ಭಯ' ಅಂತ ಬರೆದಿದ್ದೀನಿ. ಭಯ ಅಂದ್ರೆ ತಿಳಿವಳಿಕೆ ಕ್ಲಾಸ್ ಇಡ್ತಾರೆ, ಅಷ್ಟೇ. ಜೊತೆಗೆ ಒಬ್ಬರನ್ನು ಬಿಡಿ ಅನ್ನೋದು ಅದರಲ್ಲಿ ಎಲ್ಲೂ ಇಲ್ಲ. ಸೋಮವಾರ ಇಲಾಖೆಗೆ ಕಳಿಸ್ಬೇಕು."

ಮರುದಿನ ಬೆಳಿಗ್ಗೆ ಸಿನಿಯ ಜೊತೆ ಜೀಪಿನಲ್ಲಿ ಹಾಡಿಗೆ ಹೋದೆ. ಅದೇ ಎಂಟು ಜನ ಸೀತಳ ಅಂಗಳದಲ್ಲಿ ಸೇರಿದರು. ನಿಂತುಕೊಂಡೇ ಹೇಳಿದೆ, "ಸೀತ, ಅವತ್ತು ನೀನು ಹೇಳಿದ್ದನ್ನು ನಾನು ಬೇರೆ ಮಾಡಿ ಹೇಳಿಬಿಟ್ಟೆ."

"ಗೊತ್ತು ಟೀಚರೇ."

"ಹೇಗೆ ಗೊತ್ತು?"

"ನಂಗೆ ಮಲಯಾಳ ಬರಲ್ವಾ? ದಿನಾ ತೋಟದ ಕೆಲ್ಸದಲ್ಲಿ ಅದ್ರಲ್ಲೇ ತಾನೆ ಬೈಸ್ಕೊಳ್ಳೋದು!"

ಹೆಂಗಸರು ಗೊಳ್ಳೆಂದರು. ನಾನು ಜಗಲಿಯ ಮೇಲೆ ಕೂತೆ. ಎಂಟು ಜನರಿಗೂ ಅವತ್ತೇ ಗೊತ್ತಿತ್ತು. ನಾನು ಸುಳ್ಳು ಹೇಳುತ್ತಿದ್ದಾಗ ಎಂಟು ಜನರೂ ತಲೆಯಾಡಿಸಿದ್ದರು.

"ಅಲ್ಲೇ ಯಾಕೆ ಹೇಳಲಿಲ್ಲ?"

"ವಯಸ್ಸಾದೋರು, ಬಿಸ್ಲಲ್ಲಿ ನಡ್ಕೊಂಡ್ ಬಂದಿದ್ರಿ. ಎಲ್ರ ಮುಂದೆ ನಿಮ್ಮ ಮುಖ ಹೆಂಗೆ ಮುರಿಯೋದು?"

ಕಂಬಕ್ಕೆ ಒರಗಿದ್ದ ನಿಷ ನಗಲಿಲ್ಲ. "ಅವ್ವ ಟೀಚರ ಮರ್ಯಾದೆ ಕಾಯ್ದ್ಲು. ಟೀಚರು ನರ್ಸಿನ ಮರ್ಯಾದೆ ಕಾಯ್ದ್ರು. ಅಲ್ಲಿ ನನ್ನ ಕಾಯೋರು ಯಾರು?"

ಸಿನಿ ಧ್ವನಿಮುದ್ರಣ ಯಂತ್ರವನ್ನು ನೆಲದ ಮೇಲಿಟ್ಟಳು. ಸೀತ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಹೊಡೆದರು ಎಂದಲ್ಲಿ ಮಲಯಾಳದಲ್ಲೂ ಹೊಡೆದರು ಎಂದೇ ಹೇಳಿದೆ.

"ಎರಡು ಸಲ, ಟೀಚರೇ. ಎರಡು ಬಿಟ್ರಿ," ಎಂದು ಸೀತ ತಡೆದಳು.

ಎರಡು ಸಲ ಎಂದೆ.

ಜೊತೆಗೊಬ್ಬ ಹೆಂಗಸನ್ನು ಹೆರಿಗೆ ಕೋಣೆಯೊಳಗೆ ಬಿಡಬೇಕು ಎಂಬುದನ್ನು ಸಿನಿ ವರದಿಯ ಮೊದಲ ಸಾಲಾಗಿ ಬರೆದು ಗಟ್ಟಿಯಾಗಿ ಓದಿದಳು. "ಬಿಟ್ರೆ ಹೋಗ್ತೀನಿ," ಎಂದಳು ನಿಷ. "ಬಿಟ್ರೆ ಮಾತ್ರ."

ಎಲ್ಲರೂ ಎದ್ದರು. ನಾನು ಕೂತೇ ಇದ್ದೆ. ಸೀತ ಒಳಗೆ ಹೋಗಿ, ಬೇಯಿಸಿದ ಮರಗೆಣಸು, ಜೀರಿಗೆ ಮೆಣಸಿನ ಚಟ್ನಿ ಹಾಕಿದ ತಟ್ಟೆ ತಂದು ನನ್ನ ಕೈಗೆ ಕೊಟ್ಟಳು. ನಾನು ಮೊದಲ ತುತ್ತು ಬಾಯಿಗಿಡುವವರೆಗೆ ತಟ್ಟೆಯ ಅಡಿಯಲ್ಲಿ ತನ್ನ ಕೈಯನ್ನೂ ಇಟ್ಟುಕೊಂಡೇ ಇದ್ದಳು.