ಒಡೆಯದ ಗಾಜು

ಆ ಊರಿನಲ್ಲಿ ಪುರಸಭೆಯ ಪಾಲಿಗೆ ಬಂದದ್ದು ನೆಲದ ಮೇಲಿನ ಒಂದಡಿ ಮಾತ್ರ. ಅದರ ಕೆಳಗಿನದೆಲ್ಲ ಗಣಿ ಕಂಪನಿಯದು. ಮೇಲಿನವರು ರಸ್ತೆ ಹಾಕುತ್ತಿದ್ದರು, ಕೆಳಗಿನವರು ಅದರ ಬುಡ ಕೊರೆಯುತ್ತಿದ್ದರು. ನಡುವೆ ಸಿಕ್ಕಿಕೊಂಡ ಮನೆಗಳು ಬಿರುಕು ಬಿಡುತ್ತಿದ್ದವು. ಗಣಿಯ ದೊಡ್ಡ ಗುಂಡಿ ಬಾಯಿ ಅಗಲಿಸಿದಂತೆಲ್ಲ ಬಸ್ ನಿಲ್ದಾಣ ಹಿಂದೆ ಸರಿಯಿತು, ಮಾರುಕಟ್ಟೆ ಸರಿಯಿತು, ಕೊನೆಗೆ ಪುರಸಭೆ ಕಚೇರಿಯೂ ತನ್ನ ಮುರುಕು ಕುರ್ಚಿಗಳನ್ನು ಹೊತ್ತುಕೊಂಡು ಸರಿಯಿತು. ಹೊಸಬರು ಯಾರಾದರೂ ದಾರಿ ಕೇಳಿದರೆ ಊರಿನವರು, "ಹೋದ ವರ್ಷದ ದಾರಿ ಬೇಕಾ, ಈ ವರ್ಷದ್ದಾ?" ಎನ್ನುತ್ತಿದ್ದರು.

ಬಿರುಕು ಬಿಟ್ಟ ಗೋಡೆಗಳಿಗೆ ಗಾಜು ಅಂಟಿಸುವುದು ಪುರಸಭೆಯಲ್ಲಿ ಗಾಜಕ್ಕನ ಕೆಲಸ. ಅವಳಿಗೆ ಬೇರೆ ಹೆಸರೂ ಇತ್ತು, ಆದರೆ ಸಂಬಳದ ದಿನ ಬಿಟ್ಟರೆ ಅದರ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಬಿರುಕಿನ ಅಡ್ಡಕ್ಕೆ ಬೆರಳಗಲದ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಬೇಗ ಗಟ್ಟಿಯಾಗುವ ಪ್ಲಾಸ್ಟರ್ ಮೆತ್ತುತ್ತಿದ್ದಳು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತಿತ್ತು. ಒಂದು ಬೀದಿಯಲ್ಲಿ ಒಂದು ಗಾಜು ಒಡೆದರೆ ಇಡೀ ಬೀದಿ ಖಾಲಿ ಮಾಡಿ ಹೊಸ ಕಾಲೊನಿಗೆ ಹೋಗಬೇಕು. ಹಾಗಾಗಿ ಅವಳ ಚೀಲ ತಿರುವಿನಲ್ಲಿ ಕಂಡದ್ದೇ ತಡ, "ಗಾಜಕ್ಕ ಬಂದ್ಲು, ಕ್ಯಾಲೆಂಡರ್ ನೇರ ಮಾಡೇ!" ಎಂಬ ಕೂಗು ಮನೆಯಿಂದ ಮನೆಗೆ ಹೋಗುತ್ತಿತ್ತು. ಹೊಸ ಬಿರುಕನ್ನು ಕ್ಯಾಲೆಂಡರಿನಿಂದ ಮುಚ್ಚುವುದು ಅಲ್ಲಿನ ರೂಢಿ. ಒಂದೊಂದು ಮನೆಯಲ್ಲಿ ನಾಲ್ಕೈದು ಕ್ಯಾಲೆಂಡರ್ ನೇತಾಡುತ್ತಿದ್ದವು. ಆದರೂ ಇವತ್ತು ಯಾವ ತಾರೀಖು ಎಂದು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಆ ದಿನ ಬೆಳಿಗ್ಗೆ ಅವಳು ಹಳೇ ಶಾಫ್ಟ್ ಬೀದಿಯ ಕೊನೆಯ ಮನೆಗೆ ಬರುವಷ್ಟರಲ್ಲಿ ಕಾಲು ಸೋತಿತ್ತು. ಕೊನೆಯ ಮನೆ ಅವಳ ಅಣ್ಣನದು. ಆಚೆ ಬೀದಿಯಲ್ಲಿ ಹೋದ ವಾರ ಗಾಜುಗಳು ಸಾಲಾಗಿ ಒಡೆದಿದ್ದವು. ಈ ಬೀದಿಯಲ್ಲಿ ಒಂದೂ ಅಲುಗಿರಲಿಲ್ಲ. ಕೆಳಗೆ ಗಟ್ಟಿ ಬಂಡೆ ಇರಬೇಕು ಅಂದುಕೊಂಡಿದ್ದಳು. ನಿಜ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಜನರನ್ನು ಮನೆ ಬಿಡಿಸಿ ಬಿಡಿಸಿ ಅವಳಿಗೂ ಸಾಕುಸಾಕಾಗಿತ್ತು.

"ಬಾರಮ್ಮ ಸರ್ಕಾರ!" ಎಂದ ಅಣ್ಣ, ಬೀದಿಗೆಲ್ಲ ಕೇಳುವಂತೆ. ಗಣಿಯಲ್ಲಿ ಬಂಡೆ ಸಿಡಿಸುತ್ತಿದ್ದವನು. ಸಿಡಿಮದ್ದು ಅವನ ಕಿವಿ ತಿಂದುಹಾಕಿತ್ತು. "ನೋಡು ನಿನ್ನ ಗಾಜು. ದಿನಾ ಎದ್ದು ಮೊದಲು ಅದನ್ನೇ ನೋಡೋದು. ನೀನು ಹೇಗೆ ಬಿಟ್ಟಿದ್ದೆಯೋ ಹಾಗೇ ಇದೆ. ಇಲ್ಲೇ ಹಾಯಾಗಿ ನಿದ್ದೆ ಮಾಡ್ತೀನಿ."

ಬಿರುಕು ಅವನ ಮಂಚದ ತಲೆದಿಂಬಿನ ಮೇಲಿಂದಲೇ ಮಾಡಿಗೆ ಏರಿತ್ತು.

ಗಾಜಕ್ಕ ಪಟ್ಟಿಯ ಮೇಲಿನ ಧೂಳು ಒರೆಸಿ, ಅಭ್ಯಾಸಬಲದಿಂದ ಉಗುರಿನಲ್ಲಿ ತಟ್ಟಿದಳು. ಗಾಜು ಟಿಣ್ ಅನ್ನಬೇಕು. ಇದು ಟಪ್ ಅಂದಿತು. ಮತ್ತೊಮ್ಮೆ ತಟ್ಟಿದಳು. ಟಪ್. ಬೆರಳಿನಿಂದ ಒತ್ತಿದಳು, ಪಟ್ಟಿ ಬಿಲ್ಲಿನಂತೆ ಬಾಗಿತು.

ಪ್ಲಾಸ್ಟಿಕ್!

ಅಣ್ಣ ಅವಳ ಬೆರಳು ನೋಡುತ್ತ ತಲೆದೂಗುತ್ತಿದ್ದ. ಅತ್ತಿಗೆ ಮಾತ್ರ ಅಡುಗೆಮನೆ ಬಾಗಿಲಲ್ಲಿ ಕೈ ಒರೆಸುತ್ತ ನಿಂತುಬಿಟ್ಟಿದ್ದಳು.

"ಯಾರು ಅಂಟಿಸಿದ್ದು?"

"ನಮ್ಮ ವಾರ್ಡ್ ಮೆಂಬರು. ಎಲ್ಲಾ ಮನೇಲೂ." ಅತ್ತಿಗೆ ದನಿ ತಗ್ಗಿಸಲಿಲ್ಲ; ಆ ಮನೆಯಲ್ಲಿ ಗುಟ್ಟಿಗೆ ಪಿಸುಮಾತು ಬೇಕಿರಲಿಲ್ಲ. "ಯಾವತ್ತೋ ಒಡೆದಿತ್ತು ಕಣೇ. ಇವರು ಶಿಫ್ಟ್ ಗೆಳೆಯರ ಜೊತೆ ಹರಟೆಗೆ ಹೋದಾಗ ಬಂದು ಹಾಕಿಸಿದ."

"ಇವನಿಗೆ ಗೊತ್ತಿಲ್ವಾ?"

"ಗೊತ್ತಾದ್ರೆ ಒಂದು ಗಳಿಗೆ ಇಲ್ಲಿ ನಿಲ್ತಾರಾ? ಹೊಸ ಕಾಲೊನಿಗೆ ಹೋಗಿ ಏನ್ ಕುಡಿಯೋದು, ಹೇಳು. ಅಲ್ಲಿ ನೀರಿಲ್ಲ, ಇಲ್ಲಿ ನೆಲ ಇಲ್ಲ. ನೀರಿಲ್ಲದ ಕಡೆ ನಾಳೆನೇ ಸಾಯ್ತೀವಿ. ಇಲ್ಲಾದ್ರೆ ಯಾವತ್ತೋ."

"ಏನಂತಾಳೆ ಇವಳು?" ಎಂದು ಅಣ್ಣ ಗಾಜಕ್ಕನನ್ನು ಕೇಳಿದ.

"ಚಹಾ ಕುಡೀತೀಯಾ ಅಂದೆ!" ಎಂದು ಅತ್ತಿಗೆ ಕೈಯಲ್ಲಿ ಲೋಟ ಎತ್ತುವಂತೆ ಮಾಡಿ ತೋರಿಸಿದಳು.

ಅಷ್ಟರಲ್ಲಿ ಮೆಂಬರೇ ಬಂದ. ಬೀದಿಯಲ್ಲಿ ಸುದ್ದಿಗೆ ಕಾಲಿತ್ತು. ಬೆವರು ಒರೆಸುತ್ತ ಬಾಗಿಲಲ್ಲೇ ಕುಕ್ಕರಿಸಿದ. ಬೈಯುವ ಹುಮ್ಮಸ್ಸು ಗಾಜಕ್ಕನಿಗಿರಲಿಲ್ಲ, ಸುಳ್ಳು ಹೇಳುವ ಹುಮ್ಮಸ್ಸು ಅವನಿಗೂ ಇದ್ದಂತಿರಲಿಲ್ಲ.

"ಕಾಲೊನಿಗೆ ಪೈಪ್ ಬರೋವರೆಗೆ ಸುಮ್ನಿರಿ ಅಕ್ಕ," ಎಂದ. "ಈ ಬೀದಿ ಖಾಲಿಯಾದ್ರೆ ನನ್ನ ವಾರ್ಡೇ ಇರಲ್ಲ. ವಾರ್ಡ್ ಇಲ್ಲದ ಮೆಂಬರ್ ಪೈಪ್ ಕೇಳಿದ್ರೆ ಅಧ್ಯಕ್ಷರು ನಗ್ತಾರೆ."

"ವಾರ್ಡ್ ಗುಂಡಿಗೆ ಬಿದ್ದ ಮೇಲೆ ಕೇಳಿದ್ರೆ ಅಳ್ತಾರಾ?"

"ಬೀಳತ್ತೆ ಅಂತ ಯಾರ್ ಹೇಳಿದ್ದು?"

"ನಿಮ್ಮ ಪ್ಲಾಸ್ಟಿಕ್ ಅಂತೂ ಹೇಳಲ್ಲ ಬಿಡಿ."

ಅಣ್ಣನಿಗೆ ಮೆಂಬರನ ಬರವು ಇಷ್ಟವಾಗಲಿಲ್ಲ. ಕುಳಿತಲ್ಲಿಂದಲೇ ಕೈ ಮುಂದೆ ಚಾಚಿ, ಇಲ್ಲದ ದೀಪವೊಂದನ್ನು ಹಿಡಿದವನಂತೆ ಅತ್ತಿಂದಿತ್ತ ತೂಗಿದ. ಗಣಿಯೊಳಗೆ ದೀಪವನ್ನು ಹಾಗೆ ತೂಗಿದರೆ, ಕೈಯಲ್ಲಿದ್ದದ್ದನ್ನು ಬಿಟ್ಟು ಎಲ್ಲರೂ ಹೊರಗೆ ಎಂದರ್ಥ. ಕಿವಿ ಹೋದ ಮೇಲೆ ಬೇಡದ ನೆಂಟರನ್ನು ಎಬ್ಬಿಸಲು ಅವನು ಅದನ್ನೇ ಬಳಸುತ್ತಿದ್ದ. ಮೆಂಬರ್ ಪೆಚ್ಚುನಗೆ ನಕ್ಕ, ಏಳಲಿಲ್ಲ.

ಗಾಜಕ್ಕ ಉಳಿ ತೆಗೆದು ಪ್ಲಾಸ್ಟಿಕ್ ಪಟ್ಟಿಯನ್ನು ಮೀಟಿ ಕಿತ್ತಳು.

"ನಿನ್ನ ಅಣ್ಣನ ಮನೆ ಕಣೇ ಇದು," ಎಂದಳು ಅತ್ತಿಗೆ. "ಬೇರೆಯವರ ಮನೆಯಿಂದ ಶುರು ಮಾಡಬಾರದಿತ್ತಾ?"

ಗಾಜಕ್ಕ ಕೈ ನಿಲ್ಲಿಸಲಿಲ್ಲ. ಬಟ್ಟಲಲ್ಲಿ ಪ್ಲಾಸ್ಟರ್ ಕಲಸಿದಳು, ಚೀಲದಿಂದ ನಿಜವಾದ ಗಾಜು ತೆಗೆದು ಅಡ್ಡ ಇಟ್ಟಳು, ತುದಿಗಳಿಗೆ ಮೆತ್ತಿದಳು. ಅವಳು ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಅಣ್ಣ ಜನರ ತುಟಿಗಳನ್ನು ನಂಬುವುದನ್ನು ಬಿಟ್ಟು ಕಾಲವಾಗಿತ್ತು. ಗಾಜನ್ನು ನಂಬುತ್ತಿದ್ದ, ಅದೂ ಅವಳು ಅಂಟಿಸಿದ್ದೆಂದು.

"ಹಳೇದು ಚೆನ್ನಾಗೇ ಇತ್ತಲ್ಲೇ, ಯಾಕೆ ಕಿತ್ತೆ?" ಎಂದು ಅವನು ಕೇಳಿದ. ಅವಳು ಪ್ಲಾಸ್ಟಿಕ್ ಪಟ್ಟಿಯನ್ನು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಬಗ್ಗಿಸಿದ, ಬಿಟ್ಟ, ಮತ್ತೆ ಬಗ್ಗಿಸಿದ. ಹೆಂಡತಿಯತ್ತ ನೋಡಿದ. ಅವಳು ಕ್ಯಾಲೆಂಡರ್ ನೋಡುತ್ತಿದ್ದಳು.

ಗಣಿಯಲ್ಲಿ ಬಂಡೆ ಸಿಡಿಸುವ ಮಧ್ಯಾಹ್ನದ ಹೊತ್ತಿಗೆ ಇನ್ನೂ ಸಮಯವಿತ್ತು. ನಾಲ್ವರೂ ಕಾದರು. ಚಹಾ ಬಂತು, ಮೆಂಬರನಿಗೂ ಬಂತು. ಪ್ಲಾಸ್ಟರ್ ಬಿಳುಚಿ ಕಲ್ಲಾಯಿತು. ಗಾಜಕ್ಕ ಒಮ್ಮೆ ತಟ್ಟಿ ನೋಡಿದಳು, ಟಿಣ್ ಅಂದಿತು. ಒಡೆಯದಿರಲಿ ಎಂದು ಅವಳ ಒಳಗೆ ಯಾರೋ ಅಂಗಲಾಚುತ್ತಿದ್ದರು.

ಸೈರನ್ ಕೂಗಿತು. ಅದು ಕೇಳಿಸದ ಅಣ್ಣ ಅವರ ಮುಖಗಳಲ್ಲೇ ಅದನ್ನು ಓದಿಕೊಂಡು, ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೊತ್ತಿದ. ಕೆಳಗೆಲ್ಲೋ ದೂರದಲ್ಲಿ ಗುಡುಗಿತು. ಲೋಟಗಳು ತಟ್ಟೆಯ ಮೇಲೆ ಕುಣಿದವು. ಮಾಡಿನಿಂದ ಒಂದು ಹಿಡಿ ಮಣ್ಣು ತಲೆದಿಂಬಿನ ಮೇಲೆ ಉದುರಿತು.

ಗಾಜಿನ ನಡುವೆ ಒಂದು ಗೆರೆ ಮೂಡಿ, ಅರ್ಧ ತುಂಡು ಜಾರಿ ಮಂಚದ ಮೇಲೆ ಬಿತ್ತು.

ಅಣ್ಣ ಹತ್ತಿರ ಹೋಗಿ ನೋಡಿದ. ಗೋಡೆಯಲ್ಲೇ ಉಳಿದಿದ್ದ ಇನ್ನರ್ಧವನ್ನು ಬೆರಳಿನಿಂದ ಮುಟ್ಟಿದ. ಯಾರನ್ನೂ ಬೈಯಲಿಲ್ಲ. ತಿರುಗಿ, ಹೆಂಡತಿಯ ಮುಂದೆ ಕೈ ಚಾಚಿ ಇಲ್ಲದ ದೀಪವನ್ನು ಅತ್ತಿಂದಿತ್ತ ತೂಗಿದ. ಈ ಸಲ ಮೆಂಬರೂ ಎದ್ದು ನಿಂತ.

"ಒಲೆ ಮೇಲೆ ಹಾಲಿದೆ," ಎಂದಳು ಅತ್ತಿಗೆ. ಅವನಿಗೆ ಕೇಳಿಸುವುದಿಲ್ಲವೆಂದು ನೆನಪಾಗಿ ಒಳಗೆ ಹೋಗಿ ಒಲೆ ಆರಿಸಿ ಬಂದಳು.

ಅಣ್ಣ ಆಗಲೇ ಬರಿಗಾಲಲ್ಲಿ ಬೀದಿಗಿಳಿದಿದ್ದ. ಪಕ್ಕದ ಮನೆಯ ಬಾಗಿಲಲ್ಲಿ ನಿಂತು ತೂಗಿದ, ಅದರಾಚೆಯ ಮನೆಯ ಮುಂದೆ ತೂಗಿದ. ಒಬ್ಬೊಬ್ಬರೇ ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಗೆ ಬರತೊಡಗಿದರು.

"ನೀರಿನ ಟ್ಯಾಂಕರ್‌ಗೆ ಫೋನ್ ಮಾಡಿ," ಎಂದಳು ಗಾಜಕ್ಕ ಮೆಂಬರನಿಗೆ. "ಸಂಜೆವರೆಗೂ ನಿಮಗೆ ವಾರ್ಡ್ ಇದೆ."

ಆಮೇಲೆ ಅವಳು ಅಣ್ಣನ ಹಾಸಿಗೆಯ ಮೇಲೆ ಚೆಲ್ಲಿದ್ದ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು. ರಾತ್ರಿ ಅವನು ಎಲ್ಲೇ ಮಲಗಲಿ, ಆ ಹಾಸಿಗೆ ಬೇಕಾಗುತ್ತಿತ್ತು.